ಎರೆನಾಡಿನ ಮಗುವಿಗೆ ಕಾಡುಪ್ರಾಣಿಯ ಪರಿಚಯ

ಹುಬ್ಬಳ್ಳಿ–ಧಾರವಾಡಗಳ ನಡುವೆ 2018ನೆಯ ಇಸವಿಯಿಂದ ಓಡಾಡತೊಡಗಿದ ಹೊಸ ಬಸ್ಸುಗಳಿಗೆ ‘ಚಿಗರಿ’ ಎಂದು ಹೆಸರಿಟ್ಟ ಸಂಗತಿ ನಿಮಗೆ ಗೊತ್ತೇ ಇದೆ. ಹೆಸರು ಚೆನ್ನಾಗಿದೆ, ಓಟಕ್ಕೆ ಒಪ್ಪುವಂತಹದು. ಆದರೆ ಪೇಟೆಯ ಐದು ವರುಷದ ಒಂದು ಕೂಸನ್ನು ಹತ್ತಿರ ಕರೆದು, ‘ಚಿಗರಿ ಅಂದರೇನು?’ ಎಂದು ಕೇಳಿ ನೋಡಿರಿ. ‘ಬಸ್ಸು’ ಎಂದು ಅದು ಉತ್ತರ ಕೊಟ್ಟರೆ ಆಶ್ಚರ್ಯಪಡಬೇಡಿರಿ. ಎರೆಹೊಲಗಳ ಮೇಲೆ ಹಿಂಡುಹಿಂಡಾಗಿ ನೆಗೆದಾಡಿದ, ತಿರುಚಿದ ಕೋಡಿನ ಕೃಷ್ಣಮೃಗವೇ ಆ ಚಿಗರಿಯೆಂದು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕೂಸಿನದೇನೂ ತಪ್ಪಿಲ್ಲ. ಪರಿಚಯ ಮಾಡಿಕೊಡಬೇಕಾದ ಹಿರಿಯರು ನಾವು ಸುಮ್ಮನೆ ಕುಳಿತಿದ್ದೇವೆ.

ಎಳೆಯ ಮಕ್ಕಳಿಗೆ ಕಾಡುಪ್ರಾಣಿಗಳ ಪರಿಚಯ ಮಾಡಿಸುವದೆಂದರೆ ಹೊಸ ಕಾಲದ ಶಿಕ್ಷಣಶಾಸ್ತ್ರದ ಮಾತೆಂದು ಹಲವರು ತಿಳಿದಿರುವರು. ಹಾಗೇನೂ ಇಲ್ಲ. ನಮ್ಮ ಈ ಸೀಮೆಯಲ್ಲಿ ಅದಕ್ಕೊಂದು ಇತಿಹಾಸವಿದೆ. ಆ ಇತಿಹಾಸವನ್ನು ಸ್ವಲ್ಪ ಹಿಂದಿರುಗಿ ನೋಡುವದು ಇಂದಿನ ತಾಯಿತಂದೆಗಳಿಗೂ ಶಿಕ್ಷಕರಿಗೂ ಉಪಯುಕ್ತವಾದೀತು.

ಧಾರವಾಡ ನಿಂತಿರುವದು ಎರಡು ನಾಡುಗಳ ಗಡಿಯ ಮೇಲೆ. ಪಶ್ಚಿಮಕ್ಕೆ ಹೊರಟರೆ ಮಲೆನಾಡಿನ ಸೆರಗು ಕಾಲಿಗೆ ತೊಡರುವದು. ಪೂರ್ವಕ್ಕೆ ತಿರುಗಿದರೆ ಬೆಳವಲದ ಬಯಲು ಕಣ್ಣು ಹಾಯುವವರೆಗೂ ಹಾಸಿಕೊಂಡಿರುವದು. ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಂತಹ ಒಂದು ಊರನ್ನು ನೆನಪಿಗೆ ತಂದುಕೊಳ್ಳಿರಿ. ಅಲ್ಲಿಯ ಮಗುವಿಗೆ ಹಿಂದೆ ಪ್ರಾಣಿಪಾಠವನ್ನು ಹೇಳಿಕೊಟ್ಟ ಗುರುಗಳು ಯಾರು? ದನ ಕಾಯುವ ಅಣ್ಣ, ಹೊಲಕ್ಕೆ ಬುತ್ತಿ ಒಯ್ಯುವ ಅವ್ವ, ಕುರಿಯ ಹಿಂಡಿನೊಡನೆ ಊರೂರು ತಿರುಗುವ ಕುರುಬ. ಮುಂಗಲಿ ಯಾವ ಬದುವಿನಲ್ಲಿ ಮರಿಮಾಡಿದೆ, ಗೀಜಗ ಯಾವ ಜಾಲಿಗಿಡಕ್ಕೆ ಗೂಡು ತೂಗಿಹಾಕಿದೆ, ಕೌಜುಗ ಯಾವ ಹೊತ್ತಿಗೆ ಕೂಗುವದು ಎಂಬ ಇವೆಲ್ಲ ಪಾಟಿಯ ಮೇಲೆ ಬರೆಯದೆ ಕಲಿತ ಪಾಠಗಳು. ಹಬ್ಬಗಳೂ ಈ ಕೆಲಸಕ್ಕೆ ಕೈಗೂಡಿಸಿದವು. ನಾಗರಪಂಚಮಿಗೆ ಮಣ್ಣಿನ ನಾಗಪ್ಪನನ್ನು ಮಾಡಿ ಹಾಲೆರೆಯುವ ಕೂಸಿಗೆ, ಹಾವು ಅಂಜಿಕೆಯ ವಸ್ತುವೂ ಹೌದು, ಗೌರವದ ವಸ್ತುವೂ ಹೌದು ಎಂಬ ಎರಡು ಮಾತು ಒಮ್ಮೆಗೇ ತಿಳಿಯುತ್ತಿತ್ತು. ಸೀಗಿಹುಣ್ಣಿಮೆಯ ದಿವಸ ಹೊಲದಲ್ಲಿ ಚರಗ ಚೆಲ್ಲುವಾಗ, ಬೆಳೆದ ಅನ್ನದಲ್ಲಿ ಭೂಮಿತಾಯಿಗೂ ಹಕ್ಕಿಹುಳಕ್ಕೂ ಪಾಲಿದೆಯೆಂಬುದನ್ನು ಅದು ತನ್ನ ಕೈಯಾರೆ ಕಲಿಯುತ್ತಿತ್ತು.

ಎರಡನೆಯ ಗುರು ಕತೆ. ಕನ್ನಡದಲ್ಲಿ ಪ್ರಾಣಿಕತೆಗಳ ಬಹು ಹಳೆಯ ಗ್ರಂಥವಾದ ಪಂಚತಂತ್ರವನ್ನು ದುರ್ಗಸಿಂಹನು 1031ರ ಸುಮಾರಿಗೆ ರಚಿಸಿದನು. ಅವನು ಚಾಲುಕ್ಯ ಚಕ್ರವರ್ತಿ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು. ಕಿಸುಕಾಡು ನಾಡಿನ ಸಯ್ಯಡಿಯವನು. ಆ ಸಯ್ಯಡಿಯನ್ನು ಇಂದಿನ ರೋಣ ತಾಲೂಕಿನ ಸವಡಿಯೆಂದು ಗುರುತಿಸುವರು. ಅಂದಮೇಲೆ ಅವನು ನಮ್ಮ ನೆರೆಯವನೇ ಸರಿ. ಅವನ ಸಿಂಹ, ಎತ್ತು, ನರಿಗಳು ರಾಜನೀತಿಯನ್ನು ಆಡಿ ತೋರಿಸುವವು. ಆದರೆ ಇಲ್ಲಿಯೇ ನಾವು ಒಂದು ಎಚ್ಚರ ವಹಿಸಬೇಕು. ಕತೆಯ ನರಿ ನರಿಯಲ್ಲ, ನರಿಯ ತೊಗಲು ಹೊದ್ದ ಮನುಷ್ಯ. ಕತೆಯಿಂದ ಪ್ರಾಣಿಯ ಮೇಲೆ ಪ್ರೀತಿ ಹುಟ್ಟುವದು. ಪ್ರಾಣಿಯ ನಿಜವಾದ ನಡೆ ಮಾತ್ರ ತಿಳಿಯಲಾರದು. ಕತೆಯಲ್ಲಿ ತೋಳ ಯಾವಾಗಲೂ ಕೇಡಿಗ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ನಮ್ಮ ಗಾದೆಯೂ ಮಗುವಿನ ಕೈಗೆ ಕೊಡುವದು ಕಲ್ಲನ್ನೇ.

ಪ್ರಾಣಿಯ ನಿಜವಾದ ನಡೆಯನ್ನು ಈ ಸೀಮೆಯಲ್ಲಿ ಮೊದಲು ಕ್ರಮವಾಗಿ ಬರೆದಿಟ್ಟವನು ಒಬ್ಬ ಪರದೇಶಿ. ಅವನ ಹೆಸರು ವಾಲ್ಟರ್ ಎಲಿಯಟ್. 1803ರಲ್ಲಿ ಹುಟ್ಟಿದ ಈ ಸ್ಕಾಟ್ಲಂಡದ ತರುಣ 1823ರಲ್ಲಿ ಕಂಪನಿ ಸರಕಾರದ ಸಣ್ಣ ಅಧಿಕಾರಿಯಾಗಿ ಧಾರವಾಡಕ್ಕೆ ಬಂದನು. ಮರುವರುಷ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚನ್ನಮ್ಮನ ಸೈನ್ಯದೊಡನೆ ಆದ ಕಾಳಗದಲ್ಲಿ ಥ್ಯಾಕರೆ ಮಡಿದನು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬವರು ಕಿತ್ತೂರಿನವರ ಕೈಗೆ ಸೆರೆಸಿಕ್ಕರು. ಡಿಸೆಂಬರದಲ್ಲಿ ಬಿಡುಗಡೆಯಾಯಿತು. ಹೀಗೆ ನಮ್ಮವರ ಸೆರೆಯಾಳಾಗಿದ್ದ ಆ ತರುಣ ಮುಂದೆ 1833ರವರೆಗೆ ಈ ಸೀಮೆಯಲ್ಲಿಯೇ ಉಳಿದು, ಕುದುರೆಯ ಮೇಲೆ ಹಳ್ಳಿಹಳ್ಳಿ ತಿರುಗಿ, ಶಾಸನಗಳನ್ನು ಸಂಗ್ರಹಿಸಿದಂತೆಯೇ ಪ್ರಾಣಿಗಳ ವಿವರವನ್ನೂ ಸಂಗ್ರಹಿಸಿದನು. ‘ದಕ್ಷಿಣ ಮರಾಠಾ ದೇಶದಲ್ಲಿ ದೊರೆಯುವ ಸಸ್ತನಿಗಳ ಪಟ್ಟಿ’ ಎಂಬ ಅವನ ಲೇಖನವು 1839ರಲ್ಲಿ ಮದ್ರಾಸಿನ ಒಂದು ವಿದ್ವತ್‌ಪತ್ರಿಕೆಯಲ್ಲಿ ಅಚ್ಚಾಯಿತು. ದೇಶಕ್ಕೆ ಸರಕಾರ ಇಟ್ಟ ಹೆಸರು ಮರಾಠಾ; ಆದರೆ ಪ್ರಾಣಿಗಳಿಗೆ ಜನ ಇಟ್ಟ ಹೆಸರುಗಳಲ್ಲಿ ಎಷ್ಟೋ ಅಚ್ಚಕನ್ನಡದವು. ಹುಲಿ, ತೋಳ, ಕಿರುಬ, ಸಿವಂಗಿ ಮುಂತಾದ ಹೆಸರುಗಳು ಪಾಶ್ಚಾತ್ಯರ ಪ್ರಾಣಿಗ್ರಂಥಗಳನ್ನು ಸೇರಿದ್ದು ಇಂತಹ ಸಂಗ್ರಹಗಳ ಮೂಲಕವೇ.

ಅವನ ಗುರುಗಳು ಯಾರೆಂದು ಕೇಳಿದರೆ ನಿಮಗೆ ಸಂತೋಷವಾದೀತು. ಕುರುಬರು, ರೈತರು, ಕೆರೆಕಟ್ಟೆ ಅಗೆಯುವ ವಡ್ಡರು. ತೋಳಗಳ ಒಂದು ಗುಂಪು ಕುರಿಹಟ್ಟಿಯ ನಾಯಿಗಳನ್ನು ಕೆಣಕಿ ಆಚೆಗೆ ಎಳೆಯುವದು, ಇನ್ನೊಂದು ಗುಂಪು ಕುರಿಯನ್ನು ಹೊತ್ತೊಯ್ಯುವದು ಎಂಬುದನ್ನು ಅವನಿಗೆ ಹೇಳಿದವರು ಕುರುಬರೇ. ಮರೆಯಿಲ್ಲದ ಬಯಲಿನಲ್ಲಿ ಒಂದು ತೋಳ ನೆಲ ಕೆದರಿ ತಗ್ಗಿನಲ್ಲಿ ಅಡಗುವದು, ಉಳಿದವು ಚಿಗರಿಯ ಹಿಂಡನ್ನು ಅದರ ಮೇಲೆಯೇ ಅಟ್ಟಿಕೊಂಡು ಬರುವವು ಎಂಬುದು ರೈತರ ನಂಬಿಗೆಯೆಂದು ಅವನು ಬರೆದಿದ್ದಾನೆ. ಹೊಲದ ‘ಕೋಕ್’ ಎಂಬ ಹೆಗ್ಗಣ ಸುಗ್ಗಿಯಲ್ಲಿ ಬಿಲದೊಳಗೆ ಜೋಳದ ಕಾಳನ್ನೂ ಇಡಿಯ ತೆನೆಗಳನ್ನೂ ಕೂಡಿಡುವದೆಂದೂ, ಒಂದೊಂದು ಬಿಲದಲ್ಲಿ ಅರ್ಧ ಸೇರಿನವರೆಗೆ ಕಾಳು ಸಿಕ್ಕುವದೆಂದೂ ಅವನಿಗೆ ತಿಳಿದದ್ದು ವಡ್ಡರಿಂದ. ಜನ ‘ಗುಲಂಡಿ’ ಎಂದು ಕರೆಯುತ್ತಿದ್ದ ಪೊದೆಯಿಲಿಗೆ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಗ್ರೇ ಎಂಬವನು 1837ರಲ್ಲಿ ‘ಗೋಲುಂಡಾ ಎಲಿಯೋಟಿ’ ಎಂದು ಶಾಸ್ತ್ರೀಯ ನಾಮಕರಣ ಮಾಡಿದನು. ಇಂದಿಗೂ ಜಗತ್ತಿನ ಎಲ್ಲ ಪ್ರಾಣಿಶಾಸ್ತ್ರ ಗ್ರಂಥಗಳಲ್ಲಿ ಅದೇ ಹೆಸರು. ಹೊಲದ ಬದುವಿನ ಮಾತೊಂದು ವಿಜ್ಞಾನದ ಮಾತಾದ ಈ ಸಂಗತಿಯನ್ನು ನಮ್ಮ ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ?

ಎಲಿಯಟ್ ಬರೆದಿಟ್ಟ ಇನ್ನೊಂದು ಸಂಗತಿ ಮಕ್ಕಳಿಗೆ ಹೇಳಲು ಬಹಳ ಒಪ್ಪುವಂತಹದು. ಬೇಸಿಗೆಯಲ್ಲಿ ನಮ್ಮ ಎರೆಭೂಮಿ ಬಾಯಿ ಬಿಡುವದನ್ನು ನೀವು ನೋಡಿದ್ದೀರಿ. ವಡ್ಡರು ‘ಮೆಟ್ಟಾಡ’ ಎನ್ನುತ್ತಿದ್ದ ಮೆತ್ತನ್ನ ತುಪ್ಪಳದ ಹೊಲದಿಲಿ ಆ ಬಿರುಕುಗಳಲ್ಲಿ ಮನೆ ಮಾಡುವದು. ಮಳೆ ಬಿದ್ದೊಡನೆ ಎರೆ ಉಬ್ಬಿ ಬಿರುಕು ಮುಚ್ಚುವದು. ಒಳಗಿನ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುವವು. ಹೀಗೆ ವರುಷ ವರುಷ ಭೂಮಿಯೇ ಅವುಗಳ ಸಂಖ್ಯೆಯನ್ನು ಹತೋಟಿಯಲ್ಲಿಡುವದು. 1826ರಲ್ಲಿ ಮುಂಗಾರು ಆರಂಭದಲ್ಲಿ ಕೈಕೊಟ್ಟಿತು. ಇಲಿಗಳು ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ತಿಂದವು. ಉಳಿದು ಬೆಳೆದ ಜೋಳದ ದಂಟನ್ನೇರಿ ತೆನೆಯನ್ನು ಕತ್ತರಿಸಿ ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರಿಗೆ ಕಂದಾಯ ಕಟ್ಟುವದು ಕೂಡ ಅಸಾಧ್ಯವಾಯಿತು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ವಡ್ಡರನ್ನು ಹಚ್ಚಿದರು. ಅವರು ಸಾವಿರಗಟ್ಟಲೆ ಕೊಂದರೂ ಇಲಿಗಳು ಕಡಿಮೆಯಾದಂತೆ ಕಾಣಲಿಲ್ಲ. ಮಳೆ, ಮಣ್ಣು, ಇಲಿ, ಜೋಳ, ಮನುಷ್ಯ ಇವೆಲ್ಲ ಒಂದೇ ಹಗ್ಗದ ಎಳೆಗಳು ಎಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಪಾಠ ಯಾವದಿದ್ದೀತು? ಕಾಡುಪ್ರಾಣಿಯೆಂದರೆ ದೂರದ ಅಡವಿಯ ಹುಲಿಯೊಂದೇ ಅಲ್ಲ. ನಮ್ಮ ಹೊಲದ ಬಿರುಕಿನಲ್ಲಿಯೂ ಅದು ವಾಸಮಾಡುವದು.

ಎಲಿಯಟ್‌ನನ್ನು ಹೊಗಳಿದ ಮಾತ್ರಕ್ಕೆ ಆ ಕಾಲವನ್ನು ಹೊಗಳಿದಂತಾಗಬಾರದು. ಹೆಸರು ಬರೆದುಕೊಂಡ ಅದೇ ಆಳಿಕೆಯಲ್ಲಿ ಬಂದೂಕವೂ ಬಿಡುವಿಲ್ಲದೆ ಕೆಲಸಮಾಡಿತು. ಹುಲಿ, ತೋಳಗಳನ್ನು ಕೊಂದವರಿಗೆ ಸರಕಾರ ಇನಾಮು ಕೊಡುತ್ತಿತ್ತು. ನಮ್ಮವರೂ ಬೇಟೆಯಲ್ಲಿ ಹಿಂದೆ ಬೀಳಲಿಲ್ಲ. ಬಯಲುಗಳು ಹೊಲಗಳಾದವು. ಚಿಗರಿಯನ್ನು ಓಟದಲ್ಲಿ ಸೋಲಿಸುತ್ತಿದ್ದ ಸಿವಂಗಿ ಭಾರತದಲ್ಲಿ ನಿರ್ವಂಶವಾಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯದಿಂದ ಸಿವಂಗಿಗಳನ್ನು ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ತಂದಾಗ ನಮ್ಮ ಪತ್ರಿಕೆಗಳು ಅದನ್ನು ‘ಚೀತಾ’ ಎಂದು ಬರೆದವು. ಪ್ರಾಣಿ ಮರಳಿ ಬಂದಿತು. ಆದರೆ ಕನ್ನಡದ ಹೆಸರು ಅದರೊಡನೆ ಮರಳಲಿಲ್ಲ. ಹದಿನೈದು ಕಿಲೋದವರೆಗೆ ತೂಗುವ, ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ತತ್ತಿಯಿಡುವ ಎರೆಭೂತ ಪಕ್ಷಿಯೂ ಹಾಗೆಯೇ ಕಣ್ಮರೆಯ ದಾರಿ ಹಿಡಿದಿದೆ. ಕರ್ನಾಟಕದಲ್ಲಿ ಈಗ ಅದು ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಉಳಿದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಪ್ರಾಣಿಲೋಕವನ್ನು ಕನ್ನಡದ ಮಕ್ಕಳಿಗೆ ಅಚ್ಚಿನಲ್ಲಿ ತಂದುಕೊಟ್ಟ ಮಹನೀಯರನ್ನು ನೆನೆಯದೆ ಮುಂದುವರಿಯಲಾಗದು. ವಿದ್ಯಾಖಾತೆಯಲ್ಲಿದ್ದ ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಹುಟ್ಟುಹಾಕಿದರು. ಹಾವು, ಕೋಳಿ, ಇಲಿಗಳು ಅವರ ಹಾಡು ಕತೆಗಳಲ್ಲಿ ಮಕ್ಕಳ ಗೆಳೆಯರಾದವು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದು, ಸೃಷ್ಟಿಯ ವಿಷಯವನ್ನು ಕತೆಯ ಮುಸುಕಿಲ್ಲದೆ ಮಗುವಿಗೆ ತಿಳಿಯುವ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟರು. ಪುತ್ತೂರಿನ ಅವರ ಬಾಲವನ ಮಕ್ಕಳನ್ನು ಗಿಡಮರಗಳ ನಡುವೆ ಕರೆತಂದ ಪ್ರಯೋಗ. ಮುಂದೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ದೊಡ್ಡವರನ್ನೂ ಹುಡುಗರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿತು.

ಕಾಯ್ದೆಯೂ ನೆರವಿಗೆ ಬಂದಿತು. 1956ರಲ್ಲಿ ದಾಂಡೇಲಿಯ ಅಭಯಾರಣ್ಯ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1974ರಲ್ಲಿ ಆಗ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣಿಬೆನ್ನೂರಿನಲ್ಲಿ 119 ಚದರ ಕಿಲೋಮೀಟರದ ಕೃಷ್ಣಮೃಗ ಅಭಯಾರಣ್ಯ ಹೀಗೆ ಒಂದೊಂದಾಗಿ ಬಂದವು. ರಾಣಿಬೆನ್ನೂರಿನಲ್ಲಿ ಚಿಗರಿಗಳು ಸಾವಿರಗಟ್ಟಲೆ ಆದವು. ಅಂದರೆ ನಮ್ಮ ಧಾರವಾಡದ ಕೂಸಿಗೆ ನಿಜವಾದ ಚಿಗರಿಯನ್ನು ತೋರಿಸಲು ಒಂದು ದಿನದ ಪ್ರವಾಸ ಸಾಕು. ಆಫ್ರಿಕದ ಜಿರಾಫೆಯ ಚಿತ್ರವನ್ನು ಗೋಡೆಗೆ ಅಂಟಿಸುವ ಮುನ್ನ ಈ ಪ್ರವಾಸ ಆಗಲಿ ಎಂದು ನನ್ನ ಬಿನ್ನಹ.

ಇನ್ನು ಮನೆಯಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು, ಹೆಸರು. ಮಗು ‘ಅದೇನು?’ ಎಂದು ಬೆರಳು ತೋರಿಸಿದಾಗ ‘ಯಾವದೋ ಹಕ್ಕಿ’ ಎನ್ನಬೇಡಿರಿ. ನಿಮಗೆ ತಿಳಿಯದಿದ್ದರೆ ಅಜ್ಜನನ್ನು ಕೇಳಿರಿ, ಹೊಲದ ಆಳನ್ನು ಕೇಳಿರಿ. ಎಲಿಯಟ್ ಸಾಹೇಬನೂ ಹಾಗೆಯೇ ಕೇಳಿ ಕಲಿತದ್ದು. ಕೇಳಿದ್ದರಿಂದ ಅವನ ದೊಡ್ಡಸ್ತಿಕೆಗೆ ಕುಂದು ಬರಲಿಲ್ಲ. ಎರಡನೆಯದು, ದೂರ. ಪ್ರೀತಿಯೆಂದರೆ ಹಿಡಿದು ತಂದು ಪಂಜರದಲ್ಲಿಡುವದಲ್ಲ. ನಮ್ಮ ಗಿಳಿಗಳನ್ನು ಪಂಜರದಲ್ಲಿ ಸಾಕುವದು ಕಾಯ್ದೆಗೂ ವಿರುದ್ಧ. ಗೂಡನ್ನು ದೂರದಿಂದ ನೋಡಿ ಮೆಲ್ಲಗೆ ಹಿಂದಿರುಗಿ ಬರುವದನ್ನು ಕಲಿತ ಮಗು ಅರ್ಧ ಪ್ರಾಣಿಶಾಸ್ತ್ರವನ್ನು ಕಲಿತಂತೆ. ಹಾವಿನ ವಿಷಯದಲ್ಲಿ ಈ ದೂರ ಜೀವರಕ್ಷಣೆಯ ಮಾತೂ ಹೌದು. ಮೂರನೆಯದು, ಅಂಜಿಕೆ. ಊಟ ಮಾಡದ ಕೂಸಿಗೆ ‘ಗುಮ್ಮ ಬಂತು, ತೋಳ ಬಂತು’ ಎಂದು ಅಂಜಿಸುವ ರೂಢಿಯನ್ನು ನಾವು ಬಿಡಬೇಕು. ಗೂಗೆ ಅಪಶಕುನವಲ್ಲ, ಮೆಟ್ಟಾಡ ಇಲಿಯನ್ನು ರಾತ್ರಿಯಿಡೀ ಬೇಟೆಯಾಡುವ ರೈತನ ಗೆಳೆಯ ಅದು ಎಂದು ಹೇಳಿದರೆ ಕೂಸು ತುತ್ತನ್ನೂ ನುಂಗೀತು, ತಿಳುವಳಿಕೆಯನ್ನೂ ನುಂಗೀತು.

ಇಷ್ಟೆಲ್ಲ ಏಕೆ ಬೇಕು ಎಂದು ನೀವು ಕೇಳಬಹುದು. ಹಳ್ಳದ ದಂಡೆಯಲ್ಲಿ ಒಂದು ಪ್ರಾಣಿಯನ್ನು ಕಂಡಾಗ ಮಗುವಿನ ಕೈ ಮೊದಲು ಕಲ್ಲಿಗೆ ಹೋಗುವದೋ, ಅದರ ಬಾಯಿ ಮೊದಲು ಆ ಪ್ರಾಣಿಯ ಹೆಸರು ಹೇಳುವದೋ ಎಂಬುದು ಐದಾರು ವರುಷದೊಳಗೇ ಬಹಳಮಟ್ಟಿಗೆ ತೀರ್ಮಾನವಾಗುವದು. ಆ ಮಕ್ಕಳೇ ನಾಳೆ ಹೊಲದ ಒಡೆಯರಾಗುವರು, ಪಂಚಾಯತಿಯ ಸದಸ್ಯರಾಗುವರು, ಕೆರೆ ಉಳಿಯಬೇಕೋ ಮುಚ್ಚಬೇಕೋ, ಹುಲ್ಲುಗಾವಲು ಇರಬೇಕೋ ಹೋಗಬೇಕೋ ಎಂಬುದನ್ನು ಗೊತ್ತುಪಡಿಸುವರು. ಸಿವಂಗಿಯ ವಿಷಯದಲ್ಲಿ ನಾವು ತಡಮಾಡಿದೆವು. ತೋಳ, ಚಿಗರಿ, ಗುಲಂಡಿಗಳ ವಿಷಯದಲ್ಲಿ ಇನ್ನೂ ಹೊತ್ತು ಮೀರಿಲ್ಲ. ಮುಂದಿನ ಸಲ ನಿಮ್ಮ ಕೂಸಿನೊಡನೆ ಚಿಗರಿ ಬಸ್ಸನ್ನು ಹತ್ತಿದಾಗ, ಇಳಿಯುವ ನಿಲ್ದಾಣ ಬರುವದರೊಳಗೆ ಆ ಹೆಸರಿನ ನಿಜವಾದ ಒಡೆಯನ ಕತೆಯನ್ನು ಅದಕ್ಕೆ ಹೇಳಿಬಿಡಿರಿ.