ಮಧ್ಯಮಾಹರಣ ಮತ್ತು ಪೂರ್ಣವರ್ಗ: ಶ್ರೀಧರಾಚಾರ್ಯರ ಸೂತ್ರದ ಸ್ವರೂಪ

ವರ್ಗಸಮೀಕರಣದ ಮೂಲಗಳನ್ನು ನೀಡುವ ಸೂತ್ರವನ್ನು ಶ್ರೀಧರಾಚಾರ್ಯರ ಹೆಸರಿನಿಂದ ಕರೆಯುವ ರೂಢಿ ಭಾರತದ ಹಲವು ಪಠ್ಯಪುಸ್ತಕಗಳಲ್ಲಿದೆ. ಆದರೆ ಶ್ರೀಧರರ ಬೀಜಗಣಿತ ಗ್ರಂಥವು ಉಳಿದು ಬಂದಿಲ್ಲ. ಅವರ ‘ಪಾಟೀಗಣಿತ’, ‘ತ್ರಿಶತಿಕಾ’ ಕೃತಿಗಳು ಅಂಕಗಣಿತಕ್ಕೆ ಸೇರಿದವು. ಪ್ರಸ್ತುತ ವಿಷಯಕ್ಕೆ ಆಧಾರವೆಂದರೆ, ಭಾಸ್ಕರಾಚಾರ್ಯರು (ಜನನ 1114) ತಮ್ಮ ‘ಬೀಜಗಣಿತ’ದಲ್ಲಿ ಶ್ರೀಧರರ ಹೆಸರಿನೊಡನೆ ಉದ್ಧರಿಸಿರುವ ಸೂತ್ರ. ಅದು ನಿಜವಾಗಿ ಏನನ್ನು ವಿಧಿಸುತ್ತದೆ ಎಂಬುದನ್ನು ಪರಿಶೀಲಿಸುವುದು ಅಗತ್ಯ.

ಅವ್ಯಕ್ತದ ವರ್ಗ ಮತ್ತು ಅವ್ಯಕ್ತ ಒಂದು ಪಕ್ಷದಲ್ಲಿಯೂ ವ್ಯಕ್ತಸಂಖ್ಯೆ ಇನ್ನೊಂದು ಪಕ್ಷದಲ್ಲಿಯೂ ಇರುವಾಗ, ಎರಡೂ ಪಕ್ಷಗಳನ್ನು ವರ್ಗದ ಸಹಗುಣಕದ ನಾಲ್ಕರಷ್ಟರಿಂದ ಗುಣಿಸಬೇಕು. ಅವ್ಯಕ್ತದ ಮೊದಲಿನ ಸಹಗುಣಕದ ವರ್ಗವನ್ನು ಎರಡಕ್ಕೂ ಕೂಡಿಸಬೇಕು. ಅನಂತರ ವರ್ಗಮೂಲವನ್ನು ಪಡೆಯಬೇಕು. ಹೀಗೆ ಮಾಡಿದಾಗ ಮೊದಲ ಪಕ್ಷವು ಪೂರ್ಣವರ್ಗ ತ್ರಿಪದೋಕ್ತಿಯಾಗುತ್ತದೆ. ಅದರ ಮಧ್ಯಪದವು ಆದ್ಯಂತ ಪದಗಳ ಮೂಲಗಳ ಗುಣಲಬ್ಧದ ಇಮ್ಮಡಿಯಾದುದರಿಂದ ಮೂಲ ತೆಗೆದೊಡನೆ ಮಧ್ಯಪದ ಇಲ್ಲವಾಗುತ್ತದೆ. ‘ಮಧ್ಯಮಾಹರಣ’ವೆಂಬ ಹೆಸರಿನ ಅರ್ಥ ಇದೇ.

ಭಾಸ್ಕರರ ಪ್ರಸಿದ್ಧ ದುಂಬಿಗಳ ಸಮಸ್ಯೆಯನ್ನು ನೋಡಬಹುದು. ಹಿಂಡಿನ ಅರ್ಧದ ವರ್ಗಮೂಲದಷ್ಟು ಮತ್ತು ಒಟ್ಟು ಹಿಂಡಿನ ಒಂಬತ್ತರಲ್ಲಿ ಎಂಟು ಭಾಗದಷ್ಟು ದುಂಬಿಗಳು ಹೋದ ಮೇಲೆ ಒಂದು ಜೋಡಿ ಉಳಿಯುತ್ತದೆ. ಹಿಂಡನ್ನು 2ಯ² ಎಂದಿಟ್ಟುಕೊಂಡರೆ 2ಯ² − 9ಯ = 18 ಎಂಬ ಸಮೀಕರಣ ದೊರೆಯುತ್ತದೆ. ಎಂಟರಿಂದ ಗುಣಿಸಿ 81ನ್ನು ಕೂಡಿಸಿದರೆ 16ಯ² − 72ಯ + 81 = 225; ಅಂದರೆ (4ಯ − 9)² = 15². ಆದುದರಿಂದ ಯ = 6, ದುಂಬಿಗಳು 72. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿಯೂ ಮೂಲಗಳನ್ನೊಳಗೊಂಡ ಇಂತಹ ಸಮಸ್ಯೆಗಳು ಪ್ರಕೀರ್ಣಕ ವ್ಯವಹಾರದಲ್ಲಿ ಬರುತ್ತವೆ.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಝ್ಮಿ ವರ್ಗದ ಸಹಗುಣಕವನ್ನು ಮೊದಲು ಒಂದಕ್ಕೆ ತಂದು, ಅವ್ಯಕ್ತದ ಸಹಗುಣಕದ ಅರ್ಧದ ವರ್ಗವನ್ನು ಕೂಡಿಸುವ ವಿಧಾನವನ್ನು ನಿರೂಪಿಸಿದರು. ಆ ಕ್ರಮವನ್ನು ಮೇಲಿನ ಸಮೀಕರಣಕ್ಕೆ ಅನ್ವಯಿಸಿದರೆ ಹದಿನಾರರಲ್ಲಿ ಎಂಬತ್ತೊಂದು ಎಂಬ ಭಿನ್ನರಾಶಿ ಬರುತ್ತದೆ. ಶ್ರೀಧರರ ಗುಣನವು ಭಿನ್ನರಾಶಿಗೆ ಎಡೆಗೊಡದೆ ಪೂರ್ಣಾಂಕಗಳಲ್ಲಿಯೇ ವರ್ಗವನ್ನು ಸಾಧಿಸುತ್ತದೆ.

ಆದರೆ ಮೂಲವನ್ನು ನೇರವಾಗಿ ಕೊಡುವ ವಿಧಿಯು ಇದಕ್ಕೂ ಹಿಂದೆಯೇ, 628ರಲ್ಲಿ ರಚಿತವಾದ ಬ್ರಹ್ಮಗುಪ್ತರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿದೆ. ಆದುದರಿಂದ ಸೂತ್ರದ ಫಲಕ್ಕೆ ಶ್ರೀಧರರನ್ನು ಮೊದಲಿಗರೆನ್ನಲಾಗದು. ಸಮೀಕರಣದ ಪಕ್ಷವನ್ನು ಪೂರ್ಣವರ್ಗವಾಗಿಸುವ ಕ್ರಿಯೆಯ ಸ್ಪಷ್ಟ ನಿರೂಪಣೆಯೇ ಅವರ ಕೊಡುಗೆ. ಮೂಲಗ್ರಂಥ ನಷ್ಟವಾದರೂ ಆ ಕೊಡುಗೆ ಕರ್ತೃವಿನ ಹೆಸರಿನೊಡನೆ ಉಳಿದಿರುವುದು ಭಾಸ್ಕರರ ಪ್ರಾಮಾಣಿಕ ಉದ್ಧರಣೆಯಿಂದ.