ಚೈತ್ಯಭೂಮಿಯಿಂದ ಮಾಹಿಮ್‌ವರೆಗೆ

ಡಿಸೆಂಬರ್ 6ರಂದು ಮುಂಬೈಯ ದಾದರಿನ ಚೈತ್ಯಭೂಮಿಯ ಕಡಲ ಗಾಳಿಯಲ್ಲಿ ಮೇಣದಬತ್ತಿ ಹಚ್ಚುವುದು ಸುಲಭವಲ್ಲ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತು ಬಂದ ಅಜ್ಜಿಯರು ಅಂಗೈ ಮರೆಮಾಡಿ ದೀಪದ ಕುಡಿ ಕಾಯುತ್ತಾರೆ. ಕರಗಿದ ಮೇಣ ಬೆರಳಿಗೆ ಇಳಿದರೂ ಕೈ ಸರಿಸುವುದಿಲ್ಲ.

1956ರ ಇದೇ ದಿನ ದೆಹಲಿಯಲ್ಲಿ ತೀರಿಕೊಂಡ ಅಂಬೇಡ್ಕರರ ಅಂತ್ಯಕ್ರಿಯೆ ಮರುದಿನ ನಡೆದದ್ದು ಇಲ್ಲಿಯೇ. ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅವರು ಬೌದ್ಧರಾಗಿ ಆಗಿನ್ನೂ ಎರಡು ತಿಂಗಳು ತುಂಬಿರಲಿಲ್ಲ. ಬುದ್ಧನ ಮುಂದೆ, ಬಾಬಾಸಾಹೇಬರ ಪಟದ ಮುಂದೆ ಬತ್ತಿ ಹಚ್ಚುವ ರೂಢಿ ಮುಂಬೈಯ ಚಾಳು, ಝೋಪಡಿಗಳಲ್ಲಿ ಬೇರೂರಿತು. ಮರಾಠಿಯಲ್ಲಿ ಅದು ‘ಮೇಣಬತ್ತಿ’. ಕನ್ನಡಿಗರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ. ಬಾಂದ್ರಾದ ಮೌಂಟ್ ಮೇರಿ ಜಾತ್ರೆಯಲ್ಲಿ ಕೈಕಾಲಿನ ಆಕಾರದ ಮೇಣ ಮಾರುವ ಅಂಗಡಿಗಳೂ ಇವೆ, ಅದು ಹರಕೆ. ಚೈತ್ಯಭೂಮಿಯ ಬತ್ತಿ ಏನನ್ನೂ ಬೇಡುವುದಿಲ್ಲ.

ಆದರೂ ಮೇಣದಬತ್ತಿ ಎಂದೊಡನೆ ದೇಶಕ್ಕೆ ನೆನಪಾಗುವುದು 2008ರ ಡಿಸೆಂಬರ್ 3ರ ಗೇಟ್‌ವೇ ಆಫ್ ಇಂಡಿಯಾ. ನವೆಂಬರ್ 26ರಂದು ಶುರುವಾದ ದಾಳಿ 166 ಮಂದಿಯನ್ನು ಬಲಿ ತೆಗೆದುಕೊಂಡು ವಾರವಾಗಿತ್ತು. ತಾಜ್ ಹೋಟೆಲಿನ ಎದುರು ಸಾವಿರಾರು ಜನ ನೆರೆದರು, ಟಿವಿ ಕ್ಯಾಮೆರಾಗಳು ಬಂದವು. ಅಂದಿನಿಂದ ಮೇಣದಬತ್ತಿ ಹಚ್ಚುವುದು ನಗರದ ಮಧ್ಯಮವರ್ಗದ ಹವ್ಯಾಸ ಎಂಬ ಮಾತು ಹುಟ್ಟಿಕೊಂಡಿತು. ಅದು ಅರ್ಧ ಸತ್ಯವೂ ಅಲ್ಲ.

ಮುಂಬೈಯ ಪಾಲಿಗೆ ಜುಲೈ 11 ಎರಡು ಬಾರಿ ಶೋಕದ ದಿನವಾಗಿ ಬಂದಿದೆ.

1997ರ ಆ ಬೆಳಿಗ್ಗೆ ಘಾಟ್‌ಕೋಪರಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ನೊಂದ ಜನ ಹೆದ್ದಾರಿಗೆ ಇಳಿದರು. ರಾಜ್ಯ ಮೀಸಲು ಪೊಲೀಸ್ ಪಡೆ ಗೋಲಿಬಾರ್ ಮಾಡಿತು. 10 ಮಂದಿ ಸತ್ತರು. ನಾಲ್ಕು ದಿನಗಳ ಬಳಿಕ ಶಾಹೀರ, ಅಂದರೆ ಜನರ ಹಾಡುಗಾರ, ವಿಲಾಸ್ ಘೋಗ್ರೆ ತಮ್ಮ ಗುಡಿಸಲಿನಲ್ಲಿ ನೇಣು ಹಾಕಿಕೊಂಡರು. ಆ ನೋವಿನ ಬೆನ್ನು ಹಿಡಿದು ಆನಂದ್ ಪಟವರ್ಧನ್ 14 ವರ್ಷ ದುಡಿದು ‘ಜೈ ಭೀಮ್ ಕಾಮ್ರೇಡ್’ ಸಾಕ್ಷ್ಯಚಿತ್ರ ಮಾಡಿದರು.

2006ರ ಜುಲೈ 11ರ ಸಂಜೆ, ಪಶ್ಚಿಮ ರೈಲ್ವೆಯ ಲೋಕಲ್‌ಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ 11 ನಿಮಿಷದೊಳಗೆ ಏಳು ಬಾಂಬ್‌ಗಳು ಸಿಡಿದವು. ಕಚೇರಿಯಿಂದ ಮನೆಗೆ ಹೊರಟಿದ್ದ 180ಕ್ಕೂ ಹೆಚ್ಚು ಮಂದಿ ಮನೆ ಸೇರಲಿಲ್ಲ. ಸರಿಯಾಗಿ ವಾರಕ್ಕೆ, ಅದೇ ಹೊತ್ತಿಗೆ, ಬಸ್ಸುಗಳು ನಿಂತಲ್ಲೇ ನಿಂತವು. ಎರಡು ನಿಮಿಷ ಊರೇ ಮೌನ. ಮಾಹಿಮ್ ನಿಲ್ದಾಣದಲ್ಲಿ ಜನ ಮೇಣದಬತ್ತಿ ಹಚ್ಚಿದರು. ಘಾಟ್‌ಕೋಪರಿನ ಹತ್ತು ಮಂದಿಗಾಗಿ ಊರು ಹೀಗೆ ನಿಂತಿರಲಿಲ್ಲ. ರಸ್ತೆ ನಿಲ್ಲಿಸಿದ್ದವರು ಅಲ್ಲಿಯ ಜನರೇ, ಗುಂಡು ತಿಂದವರೂ ಅವರೇ. ಈ ವ್ಯತ್ಯಾಸ ನೋಡಿಯೂ ನೋಡದಂತೆ ಮುಂಬೈಯ ಶೋಕದ ಚರಿತ್ರೆ ಬರೆಯಲಾಗದು.

ರಮಾಬಾಯಿ ನಗರದ ಗೋಲಿಬಾರಿಗೆ ಕಾರಣನಾದ ಸಬ್ ಇನ್‌ಸ್ಪೆಕ್ಟರ್‌ಗೆ ಸೆಷನ್ಸ್ ಕೋರ್ಟು ಶಿಕ್ಷೆ ವಿಧಿಸಿದ್ದು 2009ರಲ್ಲಿ. ರೈಲು ಸ್ಫೋಟದ ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ 12 ಮಂದಿಯನ್ನೂ ಬಾಂಬೆ ಹೈಕೋರ್ಟ್ 2025ರ ಜುಲೈ 21ರಂದು ಖುಲಾಸೆ ಮಾಡಿತು. ಅವರಲ್ಲಿ ಒಬ್ಬ ಅಷ್ಟರಲ್ಲಾಗಲೇ ಜೈಲುವಾಸದಲ್ಲೇ ತೀರಿಕೊಂಡಿದ್ದ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ. ಮಾಹಿಮ್‌ನಲ್ಲಿ ಬತ್ತಿ ಹಚ್ಚಿದವರಿಗೆ, ಬಾಂಬ್ ಇಟ್ಟವರು ಯಾರೆಂದು ಹೇಳಬೇಕಾದ ಉತ್ತರ 19 ವರ್ಷಗಳ ನಂತರ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತಿತು.