ಬೇಹು

ಈಶ್ವರಮಂಗಲದ ಹನುಮಗಿರಿಯಲ್ಲಿ ಪಂಚಮುಖಿ ಆಂಜನೇಯನಿಗೆ ಕೈಮುಗಿಯುವವರ ಬಾಯಲ್ಲಿ ಅವನು ರಾಮದೂತ. ಸುಂದರಕಾಂಡದಲ್ಲಿ ಅವನು ದೂತನಾಗುವುದು ಆಮೇಲೆ. ಮೊದಲು ಮಾಡಿದ್ದು ಬೇಹು. ಮೈ ಕಿರಿದಾಗಿಸಿಕೊಂಡು ಇರುಳಲ್ಲಿ ಲಂಕೆ ಹೊಕ್ಕ, ಅಂತಃಪುರವನ್ನೆಲ್ಲ ಜಾಲಾಡಿದ. ಯಾವ ಭಾಷೆಯಲ್ಲಿ ಮಾತಾಡಿದರೆ ಸೀತೆ ಬೆದರಲಾರಳೆಂದು ಮರದ ಮೇಲೆ ಕೂತು ಯೋಚಿಸಿದ. ಮುಂದೆ ಯುದ್ಧದ ಹೊತ್ತಿಗೆ ಕೋಟೆ, ಕಂದಕ, ಕಾವಲಿನ ವಿವರವನ್ನೆಲ್ಲ ರಾಮನಿಗೆ ಒಪ್ಪಿಸಿದ. ಆದರೂ ಹನುಮನನ್ನು ಬೇಹುಗಾರನೆಂದರೆ ಯಾರಿಗೂ ಹಿಡಿಸದು. ಆ ಹೆಸರು ರಾವಣನ ಶುಕ ಸಾರಣರ ಪಾಲಿಗೆ ಹೋಯಿತು.

ಬೇಹು ಅಚ್ಚ ದ್ರಾವಿಡ ಪದ. ತಮಿಳಿನ ವೇವು, ತೆಲುಗಿನ ವೇಗು ಇದರ ಒಡಹುಟ್ಟುಗಳು. ನಡುಗನ್ನಡದ ಕಾವ್ಯಗಳಲ್ಲಿ ಅರಸನಿಗೆ ಸುದ್ದಿ ತರುವವರು ಬೇಹಿನವರೇ. ಇಂದು ನಮ್ಮ ಪೊಲೀಸ್ ಇಲಾಖೆಯಲ್ಲಿರುವುದು ಗುಪ್ತವಾರ್ತೆ, ಪತ್ರಿಕೆಗಳಲ್ಲಿ ಗುಪ್ತಚರ ದಳ. ಬೇಹುಗಾರಿಕೆ ಎಂಬುದು ಹೆಚ್ಚಾಗಿ ಕಾಣುವುದು ಬಂಧನದ ಸುದ್ದಿಯಲ್ಲಿ.

ಹೆಣ್ಣಿಗೆ ಬಂದಾಗ ಪದ ಇನ್ನೂ ಕೆಟ್ಟಿತು. ಬೇಹುಗಾರ್ತಿ ಎಂದೊಡನೆ 1917ರಲ್ಲಿ ಫ್ರಾನ್ಸ್ ಗುಂಡಿಕ್ಕಿ ಕೊಂದ ನರ್ತಕಿ ಮಾತಾ ಹರಿಯೇ ನೆನಪಿಗೆ ಬರುತ್ತಾಳೆ. ಕೌಟಿಲ್ಯ ಹಾಗೆ ನೋಡಲಿಲ್ಲ. ಅವನ ಅರ್ಥಶಾಸ್ತ್ರದಲ್ಲಿ ದೊಡ್ಡವರ ಮನೆಗಳಿಗೆ ಹೋಗಿಬರುವ ಪರಿವ್ರಾಜಿಕೆ ಚಾರವ್ಯವಸ್ಥೆಯ ನೆಚ್ಚಿನ ಅಂಗ. ಆದರೆ ಸುದ್ದಿ ತರುವುದು ಅವಳ ಕೆಲಸ. ತೂಗಿ ತೀರ್ಮಾನಿಸುವ ಪೀಠ ಅವಳದಲ್ಲ.

ಆ ಪೀಠಕ್ಕೇರಿದ ಬ್ರಿಟನ್ನಿನ ಸ್ಟೆಲ್ಲಾ ರಿಮಿಂಗ್ಟನ್ ಈ ಕೆಲಸಕ್ಕೆ ಕಾಲಿಟ್ಟದ್ದು ನಮ್ಮ ದೆಹಲಿಯಲ್ಲೇ. ಗಂಡ ಬ್ರಿಟಿಷ್ ಹೈಕಮಿಷನ್‌ನಲ್ಲಿದ್ದರು. 1967ರಲ್ಲಿ ಅಲ್ಲಿದ್ದ, ಬ್ರಿಟನ್ನಿನ ಆಂತರಿಕ ಭದ್ರತಾ ಸಂಸ್ಥೆ ಎಂಐ5ರ ಅಧಿಕಾರಿಗೆ ಕಚೇರಿ ಕೆಲಸದಲ್ಲಿ ನೆರವಾಗಲು ಸೇರಿದರು. 1992ರಲ್ಲಿ ಅದೇ ಎಂಐ5ರ ಮಹಾನಿರ್ದೇಶಕಿ. ಸರ್ಕಾರ ಆ ಹುದ್ದೆಯವರ ಹೆಸರನ್ನು ಬಹಿರಂಗವಾಗಿ ಪ್ರಕಟಿಸಿದ್ದು ಅದೇ ಮೊದಲು. ಇಪ್ಪತ್ತೈದು ವರ್ಷ ಕಡತಗಳ ನಡುವೆ ದುಡಿದು ಬಂದವರನ್ನು ಅಲ್ಲಿಯ ಪತ್ರಿಕೆಗಳು ಗೃಹಿಣಿ ಎಂದು ಬಣ್ಣಿಸಿದವು. ಓದಿದರೆ ಈಗಲೂ ಸಿಟ್ಟು ಬರುತ್ತದೆ.

1887ರಲ್ಲಿ ಬೇರೂರಿದ ನಮ್ಮ ಇಂಟೆಲಿಜೆನ್ಸ್ ಬ್ಯೂರೋ, 1968ರಲ್ಲಿ ಹುಟ್ಟಿದ ಹೊರದೇಶದ ಬೇಹಿನ ಸಂಸ್ಥೆ ರಾ, ಎರಡರ ಚುಕ್ಕಾಣಿಯನ್ನೂ ಹೆಣ್ಣೊಬ್ಬರು ಹಿಡಿದ ಉದಾಹರಣೆಯಿಲ್ಲ. ಹತ್ತಿರಕ್ಕೆ ನಿಲ್ಲುವ ಹೆಸರು ಕರ್ನಾಟಕದ್ದು: ನೀಲಮಣಿ ಎನ್. ರಾಜು. 1983ರ ತಂಡದ ಐಪಿಎಸ್ ಅಧಿಕಾರಿ. 2017ರ ಅಕ್ಟೋಬರ್ ಕೊನೆಯಲ್ಲಿ ರಾಜ್ಯ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥೆಯಾಗಿ 2020ರ ಜನವರಿಯವರೆಗೆ ಇದ್ದರು. ಜನ ಕಂಡದ್ದು ಆ ಎರಡು ಚಿಲ್ಲರೆ ವರ್ಷ. ಅವರ ಸೇವೆಯ ದೊಡ್ಡ ಪಾಲು ಕಳೆದದ್ದು ಇಂಟೆಲಿಜೆನ್ಸ್ ಬ್ಯೂರೋದಲ್ಲಿ, ಎರಡು ದಶಕಕ್ಕೂ ಹೆಚ್ಚು. ಮೊದಲ ಮಹಿಳೆ ಎಂದು ಎಲ್ಲರೂ ಬರೆದರು, ಬರೆಯಬೇಕಾದದ್ದೇ. ಆದರೆ ಹೊರಗೆ ಹೇಳಿಕೊಳ್ಳಲಾಗದ ಆ ವರ್ಷಗಳ ದುಡಿಮೆಗೆ ಬೇಹು ಎಂಬ ಹಳೆಯ, ಅರಸರು ನಂಬಿದ್ದ ಪದವನ್ನೇ ಗೌರವದಿಂದ ಬಳಸಬೇಕೆಂಬುದು ನನ್ನ ಆಸೆ.